ಕಾಸ್ಟಿಕ್ ಸೋಡ: ಪಠ್ಯಪುಸ್ತಕ ಒಂದೇ ಸಾಲಿನಲ್ಲಿ ಮುಗಿಸಿದ ಪ್ರಯೋಗ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯಪುಸ್ತಕ ಕೈಗೆಟುಕುವಲ್ಲಿದ್ದರೆ ಅದರ ಎರಡನೆಯ ಅಧ್ಯಾಯವನ್ನು ತೆರೆಯಿರಿ. ಎನ್.ಸಿ.ಇ.ಆರ್.ಟಿ. ರೂಪಿಸಿ, ನಮ್ಮ ರಾಜ್ಯವೂ ಕನ್ನಡಕ್ಕೆ ತಂದು ಅಳವಡಿಸಿಕೊಂಡ ಪುಸ್ತಕ ಅದು. ಆಮ್ಲ, ಪ್ರತ್ಯಾಮ್ಲ, ಲವಣಗಳ ಈ ಅಧ್ಯಾಯದಲ್ಲಿ ಚಟುವಟಿಕೆ 2.10 ಇದೆ. 10 ಮಿಲಿ ಲೀಟರ್ ನೀರಿಗೆ ಸಾರೀಕೃತ ಸಲ್ಫ್ಯೂರಿಕ್ ಆಮ್ಲದ ಕೆಲವು ಹನಿ ಹಾಕಿ, ಬೀಕರಿನ ತಳವನ್ನು ಮುಟ್ಟಿ ನೋಡಲು ಅದು ಹೇಳುತ್ತದೆ. ಅನಂತರ ಇದನ್ನೇ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳೊಂದಿಗೆ ಮತ್ತೆ ಮಾಡಿ ಎನ್ನುತ್ತದೆ. ಗುಳಿಗೆಗಳ ವಿಷಯ ಅಲ್ಲಿಗೆ ಮುಗಿಯಿತು.

ನನ್ನ ತಕರಾರು ಇರುವುದು ಈ ಎರಡನೆಯ ಸೂಚನೆಯ ಬಗ್ಗೆ. ರಸಾಯನಶಾಸ್ತ್ರದ ಮಿತ್ರರು, ಭೌತಶಾಸ್ತ್ರದವನಿಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ಕೆಲಸವಿದೆ. ಕಾಸ್ಟಿಕ್ ಸೋಡದ ಅಪಾಯದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಶಾಖ ಮತ್ತು ಆವಿ ಒತ್ತಡಕ್ಕೆ ಸೇರಿದ್ದು.

ಪುಸ್ತಕಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಮೊದಲು ಸಲ್ಲಿಸೋಣ. ಆಮ್ಲವನ್ನಾಗಲಿ ಪ್ರತ್ಯಾಮ್ಲವನ್ನಾಗಲಿ ನೀರಿನಲ್ಲಿ ಕರಗಿಸುವುದು ತೀವ್ರ ಬಹಿರುಷ್ಣಕ ಕ್ರಿಯೆ ಎಂದು ಅದು ಹೇಳಿದೆ. ಆಮ್ಲವನ್ನೇ ನೀರಿಗೆ, ನಿಧಾನವಾಗಿ, ಕಲಕುತ್ತ ಸೇರಿಸಬೇಕೆಂದೂ ಹೇಳಿದೆ. ಗುಳಿಗೆಗಳ ಬಾಟಲಿಯ ಮೇಲಿನ ಎಚ್ಚರಿಕೆಯ ಚಿಹ್ನೆಯನ್ನು ಗಮನಿಸಲು ಸೂಚಿಸಿದೆ. ಆದರೆ ಅಪಾಯವನ್ನು ವಿವರಿಸುವ ಮಾತೆಲ್ಲ ಆಮ್ಲದ ಪಾಲಿಗೇ ಹೋಗಿದೆ. ಗುಳಿಗೆಗೆ ಸಿಕ್ಕಿದ್ದು ಒಂದು ಚಿಹ್ನೆ ಮಾತ್ರ. ಇದನ್ನೋದುವ ಹುಡುಗನಿಗೆ ಆಮ್ಲ ಭಯಂಕರ, ಬಿಳಿಯ ಗುಳಿಗೆ ಸಾಧು ಎಂಬ ಭಾವನೆ ಬಂದರೆ ಅದು ಅವನ ತಪ್ಪಲ್ಲ. ನೋಡಲು ಅದು ಪೆಪ್ಪರಮಿಂಟಿನಂತೆಯೇ ಇದೆ. ಮೇಲಾಗಿ ನಮ್ಮ ಕಡೆ ಗುಳಿಗೆ ಎಂದರೆ ಡಾಕ್ಟರು ಕೊಡುವ ಮಾತ್ರೆ!

ಈಗ ಲೆಕ್ಕ ಮಾಡಿ. ಒಂದು ಮೋಲ್, ಅಂದರೆ 40 ಗ್ರಾಂ, ಸೋಡಿಯಂ ಹೈಡ್ರಾಕ್ಸೈಡ್ ಸಾಕಷ್ಟು ನೀರಿನಲ್ಲಿ ಕರಗಿದಾಗ ಸುಮಾರು 44 ಕಿಲೋಜೂಲ್ ಶಾಖ ಹೊರಬರುತ್ತದೆ. ಒಂದು ಗುಳಿಗೆಯ ತೂಕ ಸಾಮಾನ್ಯವಾಗಿ 0.1ರಿಂದ 0.2 ಗ್ರಾಂ. ಮೂರು-ನಾಲ್ಕು ಗುಳಿಗೆ ಸೇರಿ ಅರ್ಧ ಗ್ರಾಂ ಎಂದಿಟ್ಟುಕೊಂಡರೆ, ಬರುವ ಶಾಖ ಸುಮಾರು 550 ಜೂಲ್. 10 ಮಿಲಿ ಲೀಟರ್ ನೀರಿನ ಉಷ್ಣತೆ ಇದರಿಂದ ಹೆಚ್ಚೆಂದರೆ 13 ಡಿಗ್ರಿ ಸೆಲ್ಸಿಯಸ್‌ನಷ್ಟು ಏರೀತು. ಬೀಕರ್ ಬೆಚ್ಚಗಾಯಿತೆಂದು ತಿಳಿಯಲು ಇಷ್ಟು ಧಾರಾಳ. ಆದರೆ ವಿದ್ಯಾರ್ಥಿ ಒಂದು ಚಮಚ ತುಂಬ ಸುರಿದನೆಂದುಕೊಳ್ಳಿ, 4 ಗ್ರಾಂ. ಆಗ ಲೆಕ್ಕದ ಏರಿಕೆ 70 ಡಿಗ್ರಿಗೂ ಮೇಲೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಮೋರಟಗಿಯ ಶಾಲೆಯೊಂದರ ತಗಡಿನ ಮಾಡಿನ ಕೋಣೆಯಲ್ಲಿಟ್ಟ ನೀರು 35 ಡಿಗ್ರಿಯಲ್ಲೇ ಇರುತ್ತದೆ. ಎರಡನ್ನೂ ಕೂಡಿಸಿ ನೋಡಿ. ಕುದಿದು ಸಿಡಿಯುವುದು ಬರೀ ನೀರಲ್ಲ, ಶೇಕಡ 28ರಷ್ಟು ಕಾಸ್ಟಿಕ್ ಸೋಡ ಕರಗಿರುವ ದ್ರಾವಣ. ಆ ಬೀಕರಿನ ತಳವನ್ನೇ ಮುಟ್ಟಿ ನೋಡಿ ಎಂದು ಪುಸ್ತಕ ಹೇಳುತ್ತಿರುವುದು.

ಆಮ್ಲಕ್ಕೆ ‘ಕೆಲವು ಹನಿ’ ಎಂಬ ಮಿತಿ ಇತ್ತು. ಗುಳಿಗೆಗೆ ಯಾವ ಮಿತಿಯೂ ಇಲ್ಲ. ‘ಮತ್ತೆ ಮಾಡಿ’ ಎಂಬ ಎರಡು ಪದ ಪ್ರಮಾಣವನ್ನೇ ನುಂಗಿಹಾಕಿವೆ.

ಇನ್ನು ತೇವದ ಮಾತು. ಇದೇ ಅಧ್ಯಾಯದಲ್ಲಿ ಹಿಂದಿನ ಚಟುವಟಿಕೆಯೊಂದಿದೆ. ಅಡಿಗೆ ಉಪ್ಪಿಗೆ ಸಾರೀಕೃತ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಹೈಡ್ರೊಜನ್ ಕ್ಲೋರೈಡ್ ಅನಿಲವನ್ನು ಪಡೆಯುವುದು. ಹವೆ ಬಹಳ ತೇವದಿಂದ ಕೂಡಿದ್ದರೆ ಅನಿಲವನ್ನು ಕ್ಯಾಲ್ಸಿಯಂ ಕ್ಲೋರೈಡ್ ಇರುವ ನಳಿಗೆಯ ಮೂಲಕ ಹಾಯಿಸಿ ಎಂದು ಅಲ್ಲಿ ಶಿಕ್ಷಕರಿಗೆ ಟಿಪ್ಪಣಿ ಕೊಟ್ಟಿದ್ದಾರೆ. ಏಕೆ? ಒಣ ಲಿಟ್ಮಸ್ ಕಾಗದ ಬಣ್ಣ ಬದಲಿಸಿ ಪ್ರಯೋಗದ ಫಲಿತಾಂಶ ಕೆಡಬಾರದೆಂದು. ಅನಿಲ ಹುಡುಗರ ಮೂಗಿಗೆ ಹೋದೀತೆಂಬ ಚಿಂತೆ ಆ ಟಿಪ್ಪಣಿಯಲ್ಲಿಲ್ಲ. ತೇವ ಉತ್ತರವನ್ನು ಕೆಡಿಸುವಲ್ಲಿ ಪುಸ್ತಕ ಎಚ್ಚರವಾಗಿದೆ. ತೇವ ಕೈಯನ್ನು ಸುಡುವಲ್ಲಿ ಅದಕ್ಕೆ ಆ ನೆನಪೇ ಬಂದಿಲ್ಲ.

ಸಿಂದಗಿ, ಇಂಡಿ, ಬಾಗೇವಾಡಿ ಕಡೆಯ ಶಿಕ್ಷಕರು ಇಲ್ಲಿ ಒಂದು ಮಾತು ಹೇಳುವುದುಂಟು: ನಮ್ಮದು ಒಣ ಹವೆ, ತೇವದ ತಾಪತ್ರಯ ಮಂಗಳೂರಿನವರಿಗೆ. ಅಡಿಗೆ ಉಪ್ಪಿನ ಮಟ್ಟಿಗೆ ಇದು ನಿಜ. ಉಪ್ಪಿನ ಪರ್ಯಾಪ್ತ ದ್ರಾವಣದ ಆವಿ ಒತ್ತಡ, ಅದೇ ಉಷ್ಣತೆಯಲ್ಲಿ ಶುದ್ಧ ನೀರಿನ ಆವಿ ಒತ್ತಡದ ಶೇಕಡ 75ರಷ್ಟಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಆ ಮಟ್ಟವನ್ನು ದಾಟಿದರೆ ಮಾತ್ರ ಉಪ್ಪು ನೀರೊಡೆಯುತ್ತದೆ. ಹಾಗಾಗಿ ನಮ್ಮ ಅಡಿಗೆಮನೆಯ ಉಪ್ಪಿನ ಭರಣಿ ಮಳೆಗಾಲದ ಕೆಲವು ದಿನ ಬಿಟ್ಟು ಉಳಿದಂತೆ ಒಣಗಿಯೇ ಇರುತ್ತದೆ. ಸೋಡಿಯಂ ಹೈಡ್ರಾಕ್ಸೈಡಿಗೆ ಈ ಅಂಕಿ ಎಷ್ಟು ಗೊತ್ತೆ? ಸಾಮಾನ್ಯ ಉಷ್ಣತೆಯಲ್ಲಿ ಶೇಕಡ 10ಕ್ಕಿಂತಲೂ ಕಡಿಮೆ. ಬಿಸಿಲು ಸುಡುವ ಮಾರ್ಚ್ ತಿಂಗಳ ಮಧ್ಯಾಹ್ನ ನಮ್ಮಲ್ಲಿ ಆರ್ದ್ರತೆ 20-25ಕ್ಕೆ ಇಳಿಯಬಹುದು, ಆದರೂ ಕಾಸ್ಟಿಕ್ ಸೋಡದ ದೃಷ್ಟಿಯಲ್ಲಿ ಅದು ಒದ್ದೆ ಗಾಳಿಯೇ. ಮೋರಟಗಿಗೂ ಮಂಗಳೂರಿಗೂ ವೇಗದಲ್ಲಿ ವ್ಯತ್ಯಾಸ ಉಂಟು, ಗುಣದಲ್ಲಿ ಇಲ್ಲ.

ಇದರಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಯಾವ ಕೈಪಿಡಿಯಲ್ಲೂ ಇದನ್ನು ನಾನು ಕಂಡಿಲ್ಲ. ಮೇಜಿನ ಮೇಲೆ ಬಿದ್ದ ಗುಳಿಗೆಯೊಂದನ್ನು ಯಾರೂ ಗಮನಿಸಲಿಲ್ಲ ಎನ್ನಿ. ಕೆಲ ನಿಮಿಷಗಳಲ್ಲಿ ಅದರ ಮೈ ಹೊಳೆಯತೊಡಗುತ್ತದೆ, ಬಿಟ್ಟರೆ ಪೂರ್ತಿ ಕರಗಿ ಒಂದು ಹನಿಯಾಗುತ್ತದೆ. ನೋಡಿದವರು ನೀರು ಎಂದೇ ತಿಳಿಯುತ್ತಾರೆ. ನೀರಾಗಿದ್ದರೆ ನಮ್ಮ ಬಿಸಿಲಿಗೆ ಹತ್ತು ನಿಮಿಷದಲ್ಲಿ ಒಣಗಿಹೋಗುತ್ತಿತ್ತು. ಈ ಹನಿ ಒಣಗುವುದಿಲ್ಲ. ಗಾಳಿಯ ಆರ್ದ್ರತೆ ಅಷ್ಟು ಕೆಳಕ್ಕೆ ಇಳಿಯುವುದೇ ಇಲ್ಲವಲ್ಲ! ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಸೋಡಿಯಂ ಕಾರ್ಬೊನೇಟಿನ ಬಿಳಿ ಹಕ್ಕಳೆ ಆಗುವವರೆಗೆ ಅದು ಸಾರೀಕೃತ ಕ್ಷಾರವಾಗಿಯೇ ಉಳಿದಿರುತ್ತದೆ. ಅದರ ಮೇಲೆ ಮೊಣಕೈ ಊರಿದವರಿಗೆ ತಕ್ಷಣ ಉರಿಯದೆಯೂ ಇರಬಹುದು. ಜಿಡ್ಡು ತಗುಲಿದಂತೆ ಜಾರುತ್ತದೆ. ಆ ಜಾರಿಕೆ ಎಂದರೆ ಚರ್ಮದ ಕೊಬ್ಬು ಸಾಬೂನಾಗುತ್ತಿದೆ ಎಂದರ್ಥ.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕನಾಗಿ ಹೋದ ಒಂದು ಕಡೆ, ಪಕ್ಕದ ರಸಾಯನಶಾಸ್ತ್ರ ಕೋಣೆಯಲ್ಲಿ ಗುಳಿಗೆಗಳನ್ನು ವರ್ತಮಾನಪತ್ರಿಕೆಯ ತುಂಡಿನ ಮೇಲೆ ತೂಗುತ್ತಿದ್ದುದನ್ನು ಕಂಡೆ. ಕಾಗದ ಒದ್ದೆಯಾಗಿ ತಕ್ಕಡಿಗೆ ಅಂಟಿಕೊಂಡಿತ್ತು. ತೂಗುತ್ತಿದ್ದವರು ಎರಡನೆಯ ದಶಮಾಂಶ ಸ್ಥಾನವನ್ನು ಸರಿಪಡಿಸುವುದರಲ್ಲಿ ಮಗ್ನರಾಗಿದ್ದರು. ಆ ಶ್ರಮಕ್ಕೆ ಅರ್ಥವಿಲ್ಲ. ಗುಳಿಗೆ ತೂಗುತ್ತಿರುವಾಗಲೇ ನೀರನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರಿ ಭಾರವಾಗುತ್ತಿರುತ್ತದೆ. 4 ಗ್ರಾಂ ಕರಗಿಸಿ ಒಂದು ಲೀಟರ್ ಮಾಡಿದರೆ 0.1 ಮೋಲಾರ್ ದ್ರಾವಣ ಎಂದು ಬರೆಯುವ ಕೈಪಿಡಿಗಳು, ಅದು ಸುಮಾರಿನ ಲೆಕ್ಕ, ನಿಜವಾದ ಸಾರತೆ ಆಕ್ಸಾಲಿಕ್ ಆಮ್ಲದೊಂದಿಗೆ ಅನುಮಾಪನ ಮಾಡಿದ ಮೇಲೆಯೇ ತಿಳಿಯುವುದು ಎಂಬುದನ್ನು ಅಲ್ಲೇ, ಅದೇ ಸಾಲಿನಲ್ಲಿ ಹೇಳಬೇಕು. ಆಗ ಬೇಗ ತೂಗಿ ಬೇಗ ಮುಚ್ಚುವುದಕ್ಕೆ ಯಾರೂ ಹಿಂಜರಿಯುವುದಿಲ್ಲ. ಕಾಗದದ ಬದಲು ಒಣ ವಾಚ್ ಗ್ಲಾಸ್ ಅಥವಾ ಸಣ್ಣ ಬೀಕರ್ ಸಾಕು. ಅಲ್ಯೂಮಿನಿಯಂ ಚಮಚ, ಪಾತ್ರೆ ಬೇಡ. ಕ್ಷಾರ ಅದನ್ನು ತಿಂದು ಹೈಡ್ರೊಜನ್ ಬಿಡುತ್ತದೆ. ಗಾಜಿನ ಬಿರಡೆಯ ಬಾಟಲಿಯೂ ಬೇಡ. ಬಿರಡೆ ಕತ್ತಿಗೆ ಅಂಟಿಕೊಂಡು ಕದಲುವುದಿಲ್ಲ. ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯೇ ಇದಕ್ಕೆ ಸರಿ.

ಕಣ್ಣಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕ್ಷಾರದ ಗಾಯ ಸಾಮಾನ್ಯವಾಗಿ ಆಮ್ಲದ ಗಾಯಕ್ಕಿಂತ ಕೆಟ್ಟದ್ದು. ಬಹುಪಾಲು ಆಮ್ಲಗಳು ಮೇಲ್ಪದರದ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತವೆ, ಆ ಹೆಪ್ಪೇ ಸ್ವಲ್ಪ ಮಟ್ಟಿಗೆ ತಡೆಗೋಡೆಯಾಗುತ್ತದೆ. ಕ್ಷಾರ ಅಂಗಾಂಶವನ್ನು ಕರಗಿಸುತ್ತ ಒಳಕ್ಕೆ ಇಳಿಯುತ್ತದೆ. ಮೆಗ್ನೀಸಿಯಂ ಉರಿಸುವ ಚಟುವಟಿಕೆಯಲ್ಲಿ ಕಣ್ಣಿಗೆ ಕನ್ನಡಕವಿದ್ದರೆ ಒಳ್ಳೆಯದು ಎಂದು ಪುಸ್ತಕ ಹೇಳಿದೆ. 2.10ರಲ್ಲಿ ಅಷ್ಟು ಕೂಡ ಇಲ್ಲ. ಇರಬೇಕಾದದ್ದು ‘ಇದ್ದರೆ ಒಳ್ಳೆಯದು’ ಎಂದಲ್ಲ, ‘ಇಲ್ಲದಿದ್ದರೆ ಮಾಡಬೇಡಿ’ ಎಂದು.

ಕಣ್ಣಿಗೆ ಸಿಡಿದರೆ ಮದ್ದು ನೀರೊಂದೇ. ವಿನೆಗರ್, ನಿಂಬೆರಸ ಹಾಕಲು ಹೋಗಬೇಡಿ. ತಟಸ್ಥೀಕರಣವೂ ಶಾಖ ಹೊರಡಿಸುವ ಕ್ರಿಯೆ, ಅದು ಕಣ್ಣಿನೊಳಗೆ ನಡೆಯುವುದು ಬೇಡ. ರೆಪ್ಪೆಗಳನ್ನು ಬೆರಳಿಂದ ಅಗಲಿಸಿ, ಕನಿಷ್ಠ 15 ನಿಮಿಷ ಬಿಡದೆ ನೀರು ಹಾಯಿಸಿ, ಅನಂತರ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲೂ ನೀರು ಹಾಯಿಸುತ್ತಿದ್ದರೆ ಇನ್ನೂ ಒಳ್ಳೆಯದು. ಕಣ್ಣು ತೊಳೆಯುವ ಸಾಧನಗಳಿಗೆ ನಿಮಿಷಕ್ಕೆ ಒಂದೂವರೆ ಲೀಟರ್ ಎಂಬ ಅಳತೆ ಇದೆ. 15 ನಿಮಿಷಕ್ಕೆ 22 ಲೀಟರ್ ದಾಟುತ್ತದೆ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಹೇಳಲಾಗದ ಊರುಗಳಲ್ಲಿ ಇದರರ್ಥ, ಪ್ರಯೋಗ ಶುರುವಾಗುವ ಮೊದಲೇ ತುಂಬಿದ ಎರಡು ಕೊಡ, ಒಂದು ತಂಬಿಗೆ ಮೇಜಿನ ಪಕ್ಕದಲ್ಲಿರಬೇಕು.

ಹಾಗಾದರೆ ಈ ಚಟುವಟಿಕೆಯನ್ನು ಕೈಬಿಡಬೇಕೆ? ಬೇಡ, ಒಳ್ಳೆಯ ಚಟುವಟಿಕೆ. ಬರೆದ ರೀತಿ ಸರಿಯಿಲ್ಲ, ಅಷ್ಟೆ. ನನ್ನನ್ನು ಕೇಳಿದರೆ ಹೀಗೆ ಬರೆಯುತ್ತಿದ್ದೆ: ಕನ್ನಡಕ ಹಾಕಿಕೊಳ್ಳಿ. 10 ಮಿಲಿ ಲೀಟರ್ ನೀರಿನ ಉಷ್ಣತೆಯನ್ನು ಉಷ್ಣಮಾಪಕದಿಂದ ಅಳೆಯಿರಿ. ಶಿಕ್ಷಕರು ಚಿಮುಟದಿಂದ ಕೊಡುವ ನಾಲ್ಕು ಗುಳಿಗೆಗಳನ್ನು ಒಂದೊಂದಾಗಿ ನೀರಿಗೆ ಹಾಕಿ. ಗುಳಿಗೆಯ ಮೇಲೆ ನೀರು ಸುರಿಯಬೇಡಿ. ಗಾಜಿನ ಕಡ್ಡಿಯಿಂದ ಕಲಕುತ್ತ ಪ್ರತಿ ಗುಳಿಗೆಯ ಅನಂತರ ಉಷ್ಣತೆಯನ್ನು ಬರೆದುಕೊಳ್ಳಿ. ಹೀಗೆ ಮಾಡಿದರೆ ವಿದ್ಯಾರ್ಥಿಗೆ ಸಿಗುವುದು ‘ಬಿಸಿಯಾಯಿತು’ ಎಂಬ ಒಂದು ಪದವಲ್ಲ, ಐದು ಅಂಕಿಗಳು, ನಕ್ಷೆಗೆ ಏರಿಸಬಹುದಾದವು. ಮುಟ್ಟಿ ನೋಡುವ ಅಗತ್ಯವೇ ಬೀಳುವುದಿಲ್ಲ.

ಕೊನೆಗೆ, ನಿಮ್ಮ ಶಾಲೆಯ ಕಪಾಟಿನಲ್ಲಿ ಗಟ್ಟಿಯಾಗಿ ಹೆಂಟೆಗಟ್ಟಿದ ಹಳೆಯ ಬಾಟಲಿ ಇದ್ದರೆ, ಅದನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ಬಿಡಿಸಲು ಹೋಗಬೇಡಿ, ಚೂರು ಕಣ್ಣಿಗೇ ಹಾರುತ್ತದೆ. ಒಳಗೆ ನೀರು ಸುರಿಯಲೂ ಬೇಡಿ. ಮುಚ್ಚಳ ಬಿಗಿದು, ‘ಬಳಸಬಾರದು’ ಎಂದು ಚೀಟಿ ಅಂಟಿಸಿ, ಆಮ್ಲದ ಬಾಟಲಿಗಳಿಂದ ದೂರ, ಕೆಳಗಿನ ಅರೆಯಲ್ಲಿಡಿ. ಸಿಂದಗಿಗೆ ಹೋದಾಗ ಪದವಿ ಕಾಲೇಜಿನ ರಸಾಯನಶಾಸ್ತ್ರದವರನ್ನು ಕಂಡು, ಅದನ್ನು ಹೇಗೆ ವಿಲೇವಾರಿ ಮಾಡಬೇಕೆಂದು ಕೇಳಿ.