ಮರಳಿ ಬಂದವನಿಗೆ ಕಲ್ಲಿಲ್ಲ

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದವರು ಅಲ್ಲಿನ ವೀರಗಲ್ಲುಗಳ ಮುಂದೆ ಒಂದು ಗಳಿಗೆ ನಿಲ್ಲದೆ ಬರುವುದಿಲ್ಲ. ಹಾವೇರಿ ಸೀಮೆಯಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ. ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಹನುಮಪ್ಪನ ಗುಡಿಯ ಹಿಂದೆ ಅರ್ಧ ಹೂತು ನಿಂತಿರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ಅವನೇ. ಈ ಕಲ್ಲುಗಳನ್ನು ಕಂಡಾಗಲೆಲ್ಲ ನನ್ನನ್ನು ಕಾಡುವುದು ಅವುಗಳಲ್ಲಿ ಇಲ್ಲದ ಇನ್ನೊಬ್ಬ. ಅದೇ ಕಾಳಗದಿಂದ ಜೀವ ಉಳಿಸಿಕೊಂಡು ಊರಿಗೆ ಬಂದವನು ಏನಾದ? ಬಿಟ್ಟುಹೋದ ಹೊಲ ಅವನ ಕೈಗೆ ಬಂತೋ ಇಲ್ಲವೋ? ಪಕ್ಕದಲ್ಲೇ ಬಿದ್ದ ಗೆಳೆಯನ ಹೆಂಡತಿಗೆ ಹೇಗೆ ಮುಖ ತೋರಿಸಿದ? ಮರಳಿ ಬಂದವನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಸೈನಿಕರ ಮೇಲೆ ಸಾಕ್ಷ್ಯಚಿತ್ರ ಮಾಡಲು ಹೊರಟ ಹುಡುಗ ಹುಡುಗಿಯರು ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟೇ: ಯುದ್ಧವನ್ನು ಬಿಡಿ, ಮರಳಿ ಬಂದವನನ್ನು ಹಿಡಿಯಿರಿ. ಯುದ್ಧವನ್ನು ಕಥಾಚಿತ್ರಗಳು ತೋರಿಸಿವೆ. ಕನ್ನಡದಲ್ಲೇ 1990ರ ‘ಮುತ್ತಿನ ಹಾರ’ ಇದೆ, ಇಂದಿಗೂ ನೋಡಿ ಕಣ್ಣೊರೆಸಿಕೊಳ್ಳುವವರಿದ್ದಾರೆ. ಸಾಕ್ಷ್ಯಚಿತ್ರದ ಕೆಲಸ ಬೇರೆ.

ಮರಳಿ ಬಂದವನನ್ನು ಹುಡುಕಲು ನಮ್ಮ ಸೀಮೆಯಲ್ಲಿ ದೂರ ಹೋಗಬೇಕಿಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ದಾರಿಯ ಊರುಗಳು. ಇಲ್ಲಿಂದ ಸೈನ್ಯಕ್ಕೆ ಸೇರುವ ಹುಡುಗರಿಗೆ ಒಂದು ಕಡೆ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ, ಇನ್ನೊಂದು ಕಡೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. ಇವತ್ತಿಗೂ ಬೆಳಗಿನ ಜಾವ ಹೆದ್ದಾರಿಯ ಮಗ್ಗುಲಲ್ಲಿ 1600 ಮೀಟರ್ ಓಟಕ್ಕೆ ಮೈ ಹದ ಮಾಡಿಕೊಳ್ಳುವ ಹುಡುಗರು ಕಣ್ಣಿಗೆ ಬೀಳುತ್ತಾರೆ.

ಲೆಕ್ಕ ಹಾಕಿ ನೋಡಿ. ಸಿಪಾಯಿಯ ಪಿಂಚಣಿಗೆ ಹದಿನೈದು ವರ್ಷದ ಸೇವೆ ಬೇಕು. 2022ಕ್ಕೆ ಮುಂಚೆ ಹದಿನೆಂಟು ಹತ್ತೊಂಬತ್ತಕ್ಕೆ ಸೇರಿದವನು ಬಡ್ತಿ ಸಿಗದಿದ್ದರೆ ನಲವತ್ತರ ಒಳಗೇ ಮನೆಗೆ ಬರುತ್ತಾನೆ. ಅವನ ಓರಗೆಯ ಮೇಷ್ಟರಿಗೆ, ಗುಮಾಸ್ತನಿಗೆ ಆಗಿನ್ನೂ ನೌಕರಿಯ ಅರ್ಧ ದಾರಿ. ‘ರಿಟೈರ್ಡ್ ಮಿಲ್ಟ್ರಿ’ ಎಂಬ ಹೆಸರು ಹೊತ್ತು ಅವನು ಮುಂದೆ ಮೂವತ್ತು ನಲವತ್ತು ವರ್ಷ ಬದುಕಬೇಕು. ಬ್ಯಾಂಕಿನ ಬಾಗಿಲಲ್ಲಿ ಜೋಡಿನಳಿಗೆ ಬಂದೂಕು ಹಿಡಿದು ನಿಂತವನು ಅವನೇ. ಜಮೀನು ಮಂಜೂರಾತಿಯ ಕಡತ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುವವನೂ, ನವೆಂಬರ್ ಬಂತೆಂದರೆ ‘ಬದುಕಿದ್ದೇನೆ’ ಎಂಬ ಪ್ರಮಾಣಪತ್ರ ಕೊಡಲು ಸಾಲಿನಲ್ಲಿ ನಿಲ್ಲುವವನೂ ಅವನೇ. ಇದೇ ಚಿತ್ರದ ವಸ್ತು. ಈ ವರ್ಷಗಳನ್ನು ಚಿತ್ರಿಸಿದವರು ನಮ್ಮಲ್ಲಿ ತೀರ ಕಡಿಮೆ.

ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಮನೆ. ಅಟ್ಟದಿಂದ ಕಪ್ಪು ಬಣ್ಣದ ತಗಡಿನ ಟ್ರಂಕು ಇಳಿಯಿತು. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ರ‍್ಯಾಂಕು, ಹೆಸರು. ಹಿರಿಯರಿಗೆ ಎಪ್ಪತ್ತು ದಾಟಿದೆ. “ಅಜ್ಜಾರ, 1971ರಾಗ ಎಲ್ಲಿದ್ರಿ?” ಅಂದರೆ, “ಏನ್ ಹೇಳೋದ್ರೀ ಸರ, ಹೋದ್ವಿ, ಬಂದ್ವಿ” ಎಂದು ಮುಗಿಸಿಬಿಟ್ಟರು. ಟ್ರಂಕಿನಲ್ಲಿ ಡಿಸ್ಚಾರ್ಜ್ ಪುಸ್ತಕದ ಕೆಳಗೆ ಇನ್‌ಲ್ಯಾಂಡ್ ಪತ್ರಗಳ ಕಟ್ಟಿತ್ತು. ಎಲ್ಲದರ ಮೇಲೂ ಸೇನೆಯ ಅಂಚೆಯ ಒಂದೇ ವಿಳಾಸ: 56 ಎಪಿಓ. ಗಂಡ ಹಿಮದಲ್ಲಿರಲಿ, ಮರುಭೂಮಿಯಲ್ಲಿರಲಿ, ಹೆಂಡತಿಗೆ ಗೊತ್ತಿದ್ದದ್ದು ಆ ಒಂದು ಅಂಕಿ. ಬಾಗಿಲ ಬಳಿ ಕುಳಿತಿದ್ದ ಅಜ್ಜಿ ಆಗ ಬಾಯಿ ಬಿಟ್ಟರು: “ನನಗ ಓದಾಕ ಬರಂಗಿಲ್ಲರೀ. ಬಾಜೂ ಮನಿ ಹುಡುಗ ಬರೀತಿದ್ದ, ಉತ್ತರ ಬಂದ್ರ ಅವನ ಓದಿ ಹೇಳ್ತಿದ್ದ. ಹುಡುಗನ ಮುಂದ ಏನ್ ಬರಸೂದು? ಮಳಿ ಆತು, ಎಮ್ಮಿ ಈತು, ಎಲ್ಲಾರೂ ಆರಾಮ ಅದೀವಿ. ಅಷ್ಟ.”

ಹಿರಿಯರು ಆ ಪತ್ರಗಳನ್ನು ಒಂದೊಂದಾಗಿ ಬಿಚ್ಚಿ, ಮಡಿಕೆ ಸರಿಮಾಡಿ ಮತ್ತೆ ಮಡಚಿಡುತ್ತಿದ್ದರು. ಯಾವ ಪ್ರಶ್ನೆಗೂ ಜಗ್ಗದವರು ಅಜ್ಜಿಯ ಮಾತು ಮುಗಿದ ಮೇಲೆ ತಾವಾಗಿಯೇ ಶುರು ಮಾಡಿದರು. ಎಮ್ಮೆ ಈದ ಸುದ್ದಿಯನ್ನು ಬಂಕರಿನಲ್ಲಿ ಎಷ್ಟು ಸಲ ಓದಿದ್ದು, ಓದಲು ಬಾರದ ಜೊತೆಗಾರನಿಗೆ ಅವನ ಮನೆಯ ಪತ್ರವನ್ನೂ ತಾವೇ ಓದಿ ಹೇಳಿದ್ದು, ಆಮೇಲೆ ಆ ಜೊತೆಗಾರನ ಮನೆಗೆ ಕೊನೆಯ ಪತ್ರ ಬರೆಯುವ ಪಾಳಿಯೂ ತಮಗೇ ಬಂದದ್ದು. ಸೈನಿಕನ ಚಿತ್ರದಲ್ಲಿ ಅರ್ಧ ಹೊತ್ತು ಕ್ಯಾಮೆರಾ ಹೆಂಡತಿಯ ಕಡೆಗಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಜಗತ್ತಿನ ಒಳ್ಳೆಯ ಚಿತ್ರಗಳು ಇದೇ ದಾರಿ ಹಿಡಿದಿವೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಜಾನ್ ಹ್ಯೂಸ್ಟನ್ ಅಮೆರಿಕದ ಸೇನೆಗಾಗಿಯೇ ‘ಲೆಟ್ ದೇರ್ ಬಿ ಲೈಟ್’ ಮಾಡಿದ. ಯುದ್ಧದಿಂದ ಮನಸ್ಸು ಜರ್ಜರಿತವಾದ ಸೈನಿಕರು ಆಸ್ಪತ್ರೆಯಲ್ಲಿ ವೈದ್ಯರ ಮುಂದೆ ಆಡುವ ಮಾತುಗಳೇ ಅದರ ಜೀವಾಳ. ರೋಗಿಗಳ ಖಾಸಗಿತನದ ಕಾರಣ ಹೇಳಿ ಸೇನೆ ಅದನ್ನು ತಡೆಹಿಡಿಯಿತು. ಜನ ನೋಡುವಂತಾಗಲು 1980 ಬರಬೇಕಾಯಿತು. ಸೇನೆಯ ಕಾರಣವನ್ನು ನೆಪ ಎಂದವರು ಬಹಳ. ಆದರೂ ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ತನ್ನ ಮುರಿದ ಗಳಿಗೆಯನ್ನು ಊರೆಲ್ಲ ನೋಡಲಿ ಎಂದು ಆ ಸೈನಿಕ ಮನಸಾರೆ ಒಪ್ಪಿದ್ದನೇ? ನಮ್ಮ ಹಳ್ಳಿಯಲ್ಲಿ ಚಿತ್ರ ಮಾಡುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಅಂತಿಮ ಪ್ರತಿಯನ್ನು ಮೊದಲು ಆ ಮನೆಯವರಿಗೇ ತೋರಿಸಿ, ಅವರು ಬೇಡವೆಂದ ಮಾತನ್ನು ತೆಗೆದುಬಿಡಬೇಕು. ಎಷ್ಟೇ ಒಳ್ಳೆಯ ದೃಶ್ಯವಾದರೂ ಸರಿ.

ನನಗೆ ಇನ್ನೂ ಹತ್ತಿರವಾದದ್ದು ಜರ್ಮನಿಯ ಫಿಲಿಪ್ ಶೆಫ್ನರ್ 2007ರಲ್ಲಿ ಮಾಡಿದ ‘ದ ಹಾಫ್‌ಮೂನ್ ಫೈಲ್ಸ್’. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಭಾರತೀಯ ಸಿಪಾಯಿಗಳನ್ನು ಬರ್ಲಿನ್ ಹತ್ತಿರದ ಶಿಬಿರವೊಂದರಲ್ಲಿ ಇಟ್ಟಿದ್ದರು. ಅವರ ಭಾಷೆಗಳನ್ನು ಅಭ್ಯಾಸ ಮಾಡಲು ವಿದ್ವಾಂಸರು ಅವರ ಮಾತನ್ನು ತಟ್ಟೆಗಳಲ್ಲಿ ಮುದ್ರಿಸಿಕೊಂಡರು. ಮಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ 1916ರ ಡಿಸೆಂಬರಿನಲ್ಲಿ ಆಡಿದ ಪುಟ್ಟ ಮಾತು ಹೀಗೆ ಉಳಿಯಿತು. ಊರನ್ನು ನೆನೆದು, ಮನೆಗೆ ಹೋಗಬೇಕೆಂದು ಹಂಬಲಿಸುವ ದನಿ ಅದು. ಆ ಒಂದು ದನಿಯ ಸುತ್ತ ಶೆಫ್ನರ್ ಇಡೀ ಚಿತ್ರ ಕಟ್ಟಿದ. ಅದೇ ಯುದ್ಧದಲ್ಲಿ ಮರಾಠಾ ಪಡೆಗಳು ಮೆಸೊಪೊಟೇಮಿಯಾದ ಕುತ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕು, 1916ರ ಏಪ್ರಿಲ್‌ನಲ್ಲಿ ಉಳಿದ ಸೇನೆಯೊಡನೆ ಶರಣಾದವು. ಅಲ್ಲಿಂದ ಮರಳಿದವರ ದನಿ ನಮ್ಮ ಸೀಮೆಯಲ್ಲಿ ಯಾರ ಬಳಿಯಾದರೂ ಇದ್ದಿದ್ದರೆ!

ಪೀಟರ್ ಜಾಕ್ಸನ್ 2018ರಲ್ಲಿ ಮಾಡಿದ ‘ದೇ ಶಲ್ ನಾಟ್ ಗ್ರೋ ಓಲ್ಡ್’ ಅದೇ ಯುದ್ಧದ ಹಳೆಯ ತುಣುಕುಗಳಿಗೆ ಬಣ್ಣ ಕೊಟ್ಟದ್ದಕ್ಕೆ ಹೆಸರಾಯಿತು. ನನ್ನ ಮಟ್ಟಿಗೆ ಅದರ ಹೆಚ್ಚುಗಾರಿಕೆ ಧ್ವನಿಯಲ್ಲಿದೆ. ಅದರಲ್ಲಿ ನಿರೂಪಕನೇ ಇಲ್ಲ. 1960 ಮತ್ತು 70ರ ದಶಕಗಳಲ್ಲಿ ಬಿಬಿಸಿ ಮತ್ತು ಲಂಡನ್ನಿನ ಯುದ್ಧ ಸಂಗ್ರಹಾಲಯ ಮುದ್ರಿಸಿಟ್ಟಿದ್ದ ಮುದುಕರ ಮಾತು ಮಾತ್ರ. ಮುದ್ರಿಸಿಟ್ಟವರಿಗೆ ಅದು ಯಾವ ಚಿತ್ರಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ, ಆದರೂ ಇಟ್ಟರು.

ನಮ್ಮಲ್ಲಿ ಕ್ಯಾಮೆರಾ ಹೋಗುವುದು ಸಾವಿನ ದಿನ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಹೂತುಹೋದರು. ಆರನೆಯ ದಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಾವೇರಿ ಜಿಲ್ಲೆಯ ನೆರೆಯ ಕುಂದಗೋಳ ತಾಲ್ಲೂಕಿನ ಬೆಟದೂರು ಅವರ ಊರು. ಆ ದಿನಗಳಲ್ಲಿ ದೇಶದ ವಾಹಿನಿಗಳೆಲ್ಲ ಆ ಹಳ್ಳಿಯಲ್ಲಿದ್ದವು. ಸುದ್ದಿಯವರು ಬಂದದ್ದು ತಪ್ಪಲ್ಲ, ಅದು ಅವರ ಕೆಲಸ. ಅವರು ಹೋದ ಮೇಲೆ ಬಂದು, ಮಾತಾಡಿಸದೆ ಮೊದಲು ಜಗಲಿಯಲ್ಲಿ ಸುಮ್ಮನೆ ಕೂರಬೇಕಾದದ್ದು ಸಾಕ್ಷ್ಯಚಿತ್ರದವರ ಕೆಲಸ.

ಕಸುಬಿನ ಕೆಲವು ಮಾತು. ಬ್ಯಾಡಗಿ ಮಾರುಕಟ್ಟೆಯ ಕೆಂಪು ಮೆಣಸಿನಕಾಯಿ ರಾಶಿಯನ್ನು ಡ್ರೋನ್ ಹಾರಿಸಿ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ನಿಮ್ಮ ಮಾಜಿ ಸೈನಿಕ ಸೋಮವಾರವೋ ಗುರುವಾರವೋ ಅಲ್ಲಿಗೆ ತನ್ನ ಚೀಲ ತಂದು, ಟೆಂಡರ್ ದರ ಕೇಳಿ ಮುಖ ಸಣ್ಣ ಮಾಡಿಕೊಳ್ಳುವವನಾದರೆ ಮಾತ್ರ ಆ ಕೆಂಪಿಗೆ ಚಿತ್ರದಲ್ಲಿ ಜಾಗ. ಪದಕ ಹಾಕಿಕೊಳ್ಳಿ ಎಂದು ಒತ್ತಾಯಿಸಬೇಡಿ. ದೇಶಭಕ್ತಿಗೀತೆಯನ್ನು ಹಿನ್ನೆಲೆಗೆ ಹಾಕಬೇಡಿ. ಅವರ ಮಾತಿಗೆ ಅದರ ಆಸರೆ ಬೇಕಿಲ್ಲ. ಲಂಗರ್, ಛುಟ್ಟಿ, ಸಾಬ್ ಎಂದು ಹಾವೇರಿ ಕನ್ನಡದ ನಡುವೆ ನುಸುಳುವ ಫೌಜಿ ಹಿಂದಿಯನ್ನು ತಿದ್ದಬೇಡಿ. ಯುದ್ಧ ಹೇಗಿತ್ತು ಎಂದು ಕೇಳಿದರೆ ಭಾಷಣ ಬರುತ್ತದೆ, ಅವತ್ತು ಬೆಳಿಗ್ಗೆ ಏನು ತಿಂದಿದ್ರಿ ಎಂದು ಕೇಳಿದರೆ ನೆನಪು ಬರುತ್ತದೆ. ಮಾತು ನಿಂತಾಗ ಕ್ಯಾಮೆರಾ ನಿಲ್ಲಿಸಬೇಡಿ.

ಇದಕ್ಕೆಲ್ಲ ಈಗ ಅವಸರವಿದೆ. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ. ಶ್ರೀಲಂಕಾಕ್ಕೆ 1987ರಲ್ಲಿ ಶಾಂತಿಪಡೆಯೊಂದಿಗೆ ಹೋದವರನ್ನಂತೂ ಯಾರೂ ಕರೆದು ಕೇಳಿಲ್ಲ. ಇನ್ನೊಂದು ತುದಿಯಲ್ಲಿ, 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ನೇಮಕಾತಿ ಯೋಜನೆಯ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಮುಂದುವರಿಯುವ ಅವಕಾಶ ಸಿಗದ ಹುಡುಗರು ಪಿಂಚಣಿಯಿಲ್ಲದೆ ಇಪ್ಪತ್ತರ ಹರೆಯದಲ್ಲೇ ಮಾಜಿಗಳಾಗಿ ಊರಿಗೆ ಬರುತ್ತಾರೆ. ಒಂದೇ ಕಟ್ಟೆಯ ಮೇಲೆ ಅಜ್ಜನೂ ಈ ಹುಡುಗನೂ ಕೂತು ಆಡುವ ಮಾತನ್ನು ಹಿಡಿದಿಡುವ ಚಿತ್ರ ಕನ್ನಡದಲ್ಲಿ ಬರಲೇಬೇಕು.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಬಾಯಿಮಾತಿನ ಸಂಪತ್ತನ್ನು ಕಾಪಿಡುವುದೇ ಅದರ ಕಸುಬು. ಲಾವಣಿ, ಗೀಗೀ ಪದದ ಜೊತೆಗೆ ಜಿಲ್ಲೆಯ ಮಾಜಿ ಸೈನಿಕರ ಮತ್ತು ಅವರ ಮನೆಯ ಹೆಣ್ಣುಮಕ್ಕಳ ಮಾತಿಗೂ ಅದು ಒಂದು ಕಪಾಟು ಮೀಸಲಿಡಲಿ ಎಂದು ಕೇಳಿಕೊಳ್ಳುತ್ತೇನೆ. ಓದುಗರಲ್ಲೂ ಒಂದು ವಿನಂತಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಹಿರಿಯರಿದ್ದರೆ ಈ ಭಾನುವಾರ ಹೋಗಿ. ಫ್ಯಾನು, ಟಿವಿ ಆರಿಸಿ, ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ರೆಕಾರ್ಡಿಂಗ್ ಒತ್ತಿ ಅವರ ಹತ್ತಿರ ಇಡಿ. ಹೆಸರು, ಊರು, ಸೇರಿದ ವರ್ಷ, ರೆಜಿಮೆಂಟು ಇಷ್ಟನ್ನು ಅವರ ಬಾಯಿಂದಲೇ ಮೊದಲು ಹೇಳಿಸಿ. ಆ ರೆಕಾರ್ಡಿಂಗಿನ ಪ್ರತಿಯನ್ನು ಎರಡು ಕಡೆ ಇಟ್ಟುಕೊಳ್ಳಿ, ಒಂದನ್ನು ಅವರ ಮೊಮ್ಮಕ್ಕಳಿಗೆ ಕೊಡಿ.