ಕೊಟ್ಟಿಲ್ಲ ಎಂಬ ಮೂರನೆಯ ಉತ್ತರ

ಐಇಎಲ್‌ಟಿಎಸ್ ಪರೀಕ್ಷೆಗೆ ತಯಾರಾಗುವಾಗ ನಾನು ಹೆದರಿದ್ದು ಮಾತಿನ ಭಾಗಕ್ಕೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಎಂ.ಎ. ಕನ್ನಡ, ಈಗ ಪಿಎಚ್.ಡಿ. ಕೂಡ ಕನ್ನಡದಲ್ಲೇ. ಅಪರಿಚಿತರೊಬ್ಬರ ಎದುರು ಕೂತು 11ರಿಂದ 14 ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು ಎಂದರೆ ನಾಲಿಗೆ ಒಣಗುತ್ತಿತ್ತು. ಆದರೆ ಮುಗ್ಗರಿಸಿದ್ದು ಓದಿನ ಭಾಗದಲ್ಲಿ. ಮೈಸೂರಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಬರೆದ ಮೊದಲ ಮಾಕ್ ಟೆಸ್ಟಿನಲ್ಲಿ ಮಾತಿಗೆ 6 ಬಂದಿತ್ತು, ಓದಿಗೆ 5.5. ಕಾದಂಬರಿ ಓದುವುದನ್ನೇ ಸಂಶೋಧನೆ ಎಂದು ಕರೆದುಕೊಂಡು, ಅದಕ್ಕೆ ತಿಂಗಳು ತಿಂಗಳು ಫೆಲೋಶಿಪ್ ಎಣಿಸುತ್ತಿರುವ ನನಗೆ ಇದು ಇಂಗ್ಲಿಷಿನ ಸೋಲಿಗಿಂತ ಹೆಚ್ಚಾಗಿ ಕಸುಬಿನ ಸೋಲಾಗಿ ಕಂಡಿತು.

ಪರೀಕ್ಷೆಯ ಶುಲ್ಕ 15 ಸಾವಿರಕ್ಕೂ ಹೆಚ್ಚು. ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಆರು ತಿಂಗಳು ಕೂತು ಅನುವಾದಗಳ ಮೇಲೆ ಕೆಲಸ ಮಾಡುವ ಅವಕಾಶಕ್ಕೆ ನಾನು ಅರ್ಜಿ ಹಾಕಬೇಕಿತ್ತು. ಅವರು ಕೇಳಿದ್ದು 7. ಎರಡನೇ ಸಲ ಕಟ್ಟುವಷ್ಟು ದುಡ್ಡು ನನ್ನಲ್ಲಿರಲಿಲ್ಲ. ಹಾಗಾಗಿ ಎಲ್ಲಿ ತಪ್ಪುತ್ತಿದ್ದೇನೆ ಎಂದು ಉತ್ತರ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಕೂತೆ.

ಓದಿನ ಭಾಗಕ್ಕೆ 60 ನಿಮಿಷ, ಮೂರು ಗದ್ಯಭಾಗ, 40 ಪ್ರಶ್ನೆ. ಸುಮಾರು 30 ಸರಿಯಾದರೆ 7 ಸಿಗುತ್ತದೆ. ನನ್ನ ತಪ್ಪುಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವು. ಒಂದು ಹೇಳಿಕೆ ಕೊಡುತ್ತಾರೆ. ಗದ್ಯಭಾಗ ಅದನ್ನು ಹೇಳಿದ್ದರೆ 'ಟ್ರೂ', ಅದಕ್ಕೆ ವಿರುದ್ಧವಾದುದನ್ನು ಹೇಳಿದ್ದರೆ 'ಫಾಲ್ಸ್', ಆ ಬಗ್ಗೆ ಏನನ್ನೂ ಹೇಳದಿದ್ದರೆ 'ನಾಟ್ ಗಿವನ್'. ಲೇಖಕರ ಅಭಿಪ್ರಾಯದ ಕುರಿತ ಪ್ರಶ್ನೆಯಾದರೆ ಟ್ರೂ, ಫಾಲ್ಸ್‌ಗಳ ಜಾಗದಲ್ಲಿ ಯೆಸ್, ನೋ ಬರುತ್ತವೆ. ಮೂರನೆಯದು ಮಾತ್ರ ಎರಡೂ ಕಡೆ ಅದೇ. ನಾನು ಸೋಲುತ್ತಿದ್ದುದು ಆ ಮೂರನೆಯದರಲ್ಲಿ.

ಕೇಳಿದರೆ ಮಕ್ಕಳಾಟದಂತಿದೆ. ನಾನೇ ಕಟ್ಟಿದ ಒಂದು ಉದಾಹರಣೆ ನೋಡಿ. 'ಹಳ್ಳಿಯ ಶಾಲೆಯಲ್ಲಿ ಹೋದ ವರ್ಷ ಗ್ರಂಥಾಲಯ ಶುರುವಾಯಿತು. ಮಕ್ಕಳು ದಿನವೂ ಸಂಜೆ ಅಲ್ಲಿಗೆ ಬರುತ್ತಾರೆ.' ಇದು ಗದ್ಯಭಾಗ. 'ಗ್ರಂಥಾಲಯ ಬಂದ ಮೇಲೆ ಮಕ್ಕಳ ಓದು ಸುಧಾರಿಸಿತು.' ಇದು ಹೇಳಿಕೆ. ನಾನು ಟ್ರೂ ಎಂದು ಬರೆಯುತ್ತಿದ್ದೆ. ದಿನವೂ ಬರುತ್ತಾರೆ ಎಂದ ಮೇಲೆ ಓದು ಸುಧಾರಿಸದೆ ಇರುತ್ತದೆಯೇ? ಇರಬಹುದು. ಮಕ್ಕಳು ಅಲ್ಲಿಗೆ ಫ್ಯಾನಿನ ಗಾಳಿಗೆ ಬರುತ್ತಿರಬಹುದು. ಗದ್ಯಭಾಗ ಹೇಳಿದ್ದು ಬರುತ್ತಾರೆ ಎಂದಷ್ಟೇ. ಉಳಿದದ್ದನ್ನು ಸೇರಿಸಿದವಳು ನಾನು, ಗ್ರಂಥಾಲಯಗಳ ಮೇಲಿನ ನನ್ನ ಪ್ರೀತಿ.

ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಚಾಮರಾಜನಗರದ ಕಡೆಯ ಒಬ್ಬ ನರ್ಸ್. ಬ್ರಿಟನ್ನಿಗೆ ಹೋಗಲು ಅವಳಿಗೆ ಓದು, ಮಾತು, ಆಲಿಸುವಿಕೆಯಲ್ಲಿ 7, ಬರವಣಿಗೆಯಲ್ಲಿ 6.5 ಬೇಕಿತ್ತು. ಅವಳ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗೇನೂ ಇರಲಿಲ್ಲ. ಆದರೆ ಈ ಮೂರನೆಯ ಉತ್ತರದಲ್ಲಿ ಅವಳು ತಪ್ಪುತ್ತಲೇ ಇರಲಿಲ್ಲ. ಹೇಗೆ ಎಂದು ಕೇಳಿದೆ.

"ಅಕ್ಕಾ, ಕೇಸ್ ಶೀಟಲ್ಲಿ ಅಲರ್ಜಿ ಅನ್ನೋ ಜಾಗ ಖಾಲಿ ಇದೆ ಅಂದ್ಕೊಳಿ. ಪೇಷಂಟ್‌ಗೆ ಅಲರ್ಜಿ ಇಲ್ಲ ಅಂತ ಇಂಜೆಕ್ಷನ್ ಕೊಟ್ಬಿಡಕ್ಕಾಗುತ್ತಾ? ಖಾಲಿ ಇದ್ರೆ ಖಾಲಿ ಅಷ್ಟೆ. ಇಲ್ಲ ಅಂತಲ್ಲ, ಯಾರೂ ಬರ್ದಿಲ್ಲ ಅಂತ. ಹೋಗಿ ಕೇಳ್ಬೇಕು."

ವಿಮರ್ಶೆಯ ಬಗ್ಗೆ ಇಷ್ಟು ಉಪಯೋಗದ ಮಾತನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿರಲಿಲ್ಲ. 'ಇಲ್ಲ' ಎನ್ನುವುದಕ್ಕೂ 'ಬರೆದಿಲ್ಲ' ಎನ್ನುವುದಕ್ಕೂ ಇರುವ ಅಂತರದ ಮೇಲೆ ಅವಳ ಕಸುಬಿನಲ್ಲಿ ಒಂದು ಜೀವ ನಿಂತಿರುತ್ತದೆ. ನನ್ನ ಕಸುಬಿನಲ್ಲಿ ಆ ಅಂತರವನ್ನು ದಾಟಿದವರಿಗೆ ಏನೂ ಆಗುವುದಿಲ್ಲ. ಒಮ್ಮೊಮ್ಮೆ ಚಪ್ಪಾಳೆಯೂ ಸಿಗುತ್ತದೆ.

ಆ ರಾತ್ರಿ ಹಾಸ್ಟೆಲಿನಲ್ಲಿ ನನ್ನ ಮಹಾಪ್ರಬಂಧದ ಮೂರನೇ ಅಧ್ಯಾಯವನ್ನು ತೆಗೆದೆ. ಅದು ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ದ ಬಗ್ಗೆ. ಅಂಚಿನಲ್ಲಿ ಗೈಡ್ ಪೆನ್ಸಿಲ್ಲಿನಿಂದ 'ಇದು ಎಲ್ಲಿದೆ?' ಎಂದು ಏಳೆಂಟು ಕಡೆ ಬರೆದಿದ್ದರು. ಪುಟಸಂಖ್ಯೆ ಕೇಳುತ್ತಿದ್ದಾರೆ ಎಂದುಕೊಂಡು ನಾನು ಹಲವು ಕಡೆ ಪುಟಸಂಖ್ಯೆ ಸೇರಿಸಿಯೂ ಇದ್ದೆ. ಅವರು ಕೇಳಿದ್ದು ಪುಟಸಂಖ್ಯೆಯಲ್ಲ ಎಂದು ಈಗ ಹೊಳೆಯಿತು.

ಹಾಗಾಗಿ 'ಸಂಸ್ಕಾರ'ದ ಮೇಲೆ ನಾನೇ ಒಂದು ಪ್ರಶ್ನೆಪತ್ರಿಕೆ ತಯಾರಿಸಿದೆ. ಕಾದಂಬರಿ ಓದಿದವರು ನನ್ನ ಜೊತೆ ಉತ್ತರಿಸಿ ನೋಡಬಹುದು.

ಒಂದು: ನಾರಣಪ್ಪನ ಸಂಸ್ಕಾರಕ್ಕಾಗಿ ಚಂದ್ರಿ ತನ್ನ ಒಡವೆಗಳನ್ನು ಕೊಡಲು ಮುಂದಾಗುತ್ತಾಳೆ. ಟ್ರೂ, ಅನುಮಾನವೇ ಇಲ್ಲ. ಎರಡು: ನಾರಣಪ್ಪನ ಹೆಣ ಕೊನೆಯವರೆಗೂ ಸುಡದೆ ಉಳಿಯುತ್ತದೆ. ಫಾಲ್ಸ್. ಬ್ರಾಹ್ಮಣರು ಇನ್ನೂ ಶಾಸ್ತ್ರದ ದಾರಿ ಕಾಯುತ್ತಿರುವಾಗಲೇ ಚಂದ್ರಿ ಮುಸಲ್ಮಾನನಾದ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿ ಹೊರಟುಹೋಗುತ್ತಾಳೆ. ಈ ಪ್ರಶ್ನೆಗೆ ತಪ್ಪು ಉತ್ತರ ಕೊಡುವವರು ಕಡಿಮೆಯೇನಲ್ಲ. ಕಾದಂಬರಿಯ ಕತೆ ಹೇಳಿ ಎಂದರೆ ಹೆಣ ಕೊಳೆಯುವುದನ್ನು ಹೇಳಿ, ಸುಟ್ಟದ್ದನ್ನು ಬಿಟ್ಟುಬಿಡುತ್ತಾರೆ. ಮೂರು: ಪ್ರಾಣೇಶಾಚಾರ್ಯರು ಅಗ್ರಹಾರದವರ ಮುಂದೆ ನಡೆದದ್ದನ್ನು ಒಪ್ಪಿಕೊಂಡು ಬಿಡುಗಡೆ ಪಡೆಯುತ್ತಾರೆ. ನಾಟ್ ಗಿವನ್. ಅವರು ದೂರ್ವಾಸಪುರದ ಕಡೆಗೆ ಹೋಗುವ ಗಾಡಿ ಹತ್ತುತ್ತಾರೆ. ಕಾದಂಬರಿ ಅವರನ್ನು ದಾರಿಯಲ್ಲೇ ಬಿಟ್ಟು ಮುಗಿಯುತ್ತದೆ. ಹೇಳುತ್ತಾರೋ ಇಲ್ಲವೋ, ಹೇಳಿದರೆ ಏನಾಗುತ್ತದೋ, ಯಾವುದನ್ನೂ ಕೊಟ್ಟಿಲ್ಲ. ಆದರೂ 'ಆಚಾರ್ಯರ ಬಿಡುಗಡೆ'ಯ ಬಗ್ಗೆ ನಾನು ಎರಡು ಪುಟ ಬರೆದಿದ್ದೆ.

ನಾಲ್ಕನೆಯದು ನನ್ನ ಅಧ್ಯಾಯದ ಬೆನ್ನೆಲುಬು: ಚಂದ್ರಿ ಬ್ರಾಹ್ಮಣ್ಯವನ್ನು ಧಿಕ್ಕರಿಸುತ್ತಾಳೆ. ನನ್ನ ಮಾತುಗಳಲ್ಲಿ ಅದು ಇನ್ನೂ ಭಾರವಾಗಿತ್ತು. 'ಚಂದ್ರಿಯ ಮೌನವು ಪುರೋಹಿತಶಾಹಿಯ ವಿರುದ್ಧದ ಪ್ರತಿರೋಧದ ನೆಲೆಯಾಗಿ ಅನಾವರಣಗೊಳ್ಳುತ್ತದೆ.' ಇಂಥ ವಾಕ್ಯ ಕನ್ನಡ ಸಂಶೋಧನೆಯಲ್ಲಿ ಎಲ್ಲಿಗಾದರೂ ಹೊಂದುತ್ತದೆ. ಕೋಚಿಂಗಿನಲ್ಲಿ ಪ್ರಬಂಧ ಬರೆಯಲು ಬಾಯಿಪಾಠ ಮಾಡಿಸುವ ಸಿದ್ಧ ವಾಕ್ಯಗಳನ್ನು ಕಂಡು ನಾನು ನಗುತ್ತಿದ್ದೆ. 'ಪ್ರತಿರೋಧದ ನೆಲೆ', 'ಅನನ್ಯ ಕೊಡುಗೆ', 'ಮುಖಾಮುಖಿ' ಇವು ನಮ್ಮ ಕೋಚಿಂಗ್ ಸೆಂಟರಿನವು.

ಹಾಗಾದರೆ ಚಂದ್ರಿಯ ಬಗ್ಗೆ ಕಾದಂಬರಿ ಕೊಟ್ಟಿರುವುದೇನು? ಒಡವೆ ಬಿಚ್ಚಿಟ್ಟಳು. ಕಾದಳು. ಕಾಡಿನಲ್ಲಿ ಆಚಾರ್ಯರ ಕಾಲಿಗೆ ಬಿದ್ದಳು. ಅವರ ಬಗ್ಗೆ ಅವಳಲ್ಲಿರುವುದು ಭಕ್ತಿಯೇ. ಹೆಣಕ್ಕೆ ಬೆಂಕಿ ಕಾಣಿಸಿದಳು. ಕುಂದಾಪುರಕ್ಕೆಂದು ಹೊರಟಳು. ಇದರಲ್ಲಿ ಧಿಕ್ಕಾರ ಎಲ್ಲಿದೆ? ನನ್ನ ಹೇಳಿಕೆಗೆ ನಾಟ್ ಗಿವನ್ ಎಂದು ಬರೆದರೂ ಅದು ದಾಕ್ಷಿಣ್ಯದ ಉತ್ತರವೇ. ಆ ಭಕ್ತಿಯನ್ನು ನೆನೆದರೆ ಫಾಲ್ಸ್ ಎನ್ನುವುದಕ್ಕೂ ಆಧಾರವಿದೆ. ಚಂದ್ರಿ ಬಂಡೇಳಬೇಕೆಂಬುದು ನನ್ನ ಆಸೆ. ಈ ಕಾದಂಬರಿಯಲ್ಲಿ ಹೆಂಗಸರು ಬರೀ ದೇಹಗಳಾಗಿ ಉಳಿದುಬಿಟ್ಟರಲ್ಲ ಎಂಬ ಹಳೆಯ ದೂರು ನನ್ನದೂ ಹೌದು. ಆ ದೂರನ್ನು ದೂರಾಗಿಯೇ ಬರೆಯುವ ಬದಲು, ಕಾದಂಬರಿಯ ಖಾಲಿ ಜಾಗದಲ್ಲಿ ನನಗೆ ಬೇಕಾದ ಚಂದ್ರಿಯನ್ನು ಬರೆದಿಟ್ಟು, ಅವಳು ಮೊದಲೇ ಅಲ್ಲಿದ್ದಳು ಎಂದು ತೋರಿಸಿದ್ದೆ. ಖಾಲಿ ಇದ್ದ ಜಾಗ ನೋಡಿ ಇಂಜೆಕ್ಷನ್ ಕೊಟ್ಟಿದ್ದೆ.

ಇಲ್ಲಿಗೇ ನಿಲ್ಲಿಸಿದರೆ ಈ ಪರೀಕ್ಷೆಗೆ ಜೈ ಎಂದಂತಾಗುತ್ತದೆ. ಅದು ನನ್ನ ಉದ್ದೇಶವಲ್ಲ. ಕೊಟ್ಟಿಲ್ಲ ಎಂದ ಕೂಡಲೇ ಮುಂದಿನ ಪ್ರಶ್ನೆಗೆ ಹೋಗು ಎನ್ನುತ್ತದೆ ಪರೀಕ್ಷೆ. ಗದ್ಯಭಾಗ ಅದಕ್ಕೆ ಮಾಹಿತಿಯ ಉಗ್ರಾಣ; ಬೇಕಾದ ಮೂಟೆ ಇದೆಯೋ ಇಲ್ಲವೋ ನೋಡಿಕೊಂಡು ಹೊರಬಂದರೆ ಆಯಿತು. ಸಾಹಿತ್ಯದ ಓದು ಎಷ್ಟೋ ಸಲ ಶುರುವಾಗುವುದೇ ಅಲ್ಲಿಂದ. ಒಂಬತ್ತನೇ ಶತಮಾನದಲ್ಲಿ ಆನಂದವರ್ಧನ ಕಾವ್ಯದ ಆತ್ಮ ಎಂದು ಕರೆದದ್ದು ಮಾತಿನಲ್ಲಿ ನೇರವಾಗಿ ಹೇಳದೆ ಹೊಳೆಯುವ ಅರ್ಥವನ್ನು. ಹೆಚ್ಚುಕಡಿಮೆ ಅದೇ ಕಾಲದ ನಮ್ಮ 'ಕವಿರಾಜಮಾರ್ಗ'ವೂ ಧ್ವನಿಯ ಹೆಸರೆತ್ತುತ್ತದೆ, ಅಲಂಕಾರಗಳಲ್ಲಿ ಒಂದಾಗಿ. ಟ್ರೂ, ಫಾಲ್ಸ್, ನಾಟ್ ಗಿವನ್ ಎಂಬ ಮೂರು ಮನೆಗಳಲ್ಲಿ ಧ್ವನಿಗೆ ಜಾಗವಿಲ್ಲ. ಅದಕ್ಕೆ ನಾಲ್ಕನೆಯ ಮನೆ ಬೇಕು: ಕೊಟ್ಟಿಲ್ಲ, ಆದರೆ ಕೇಳಿಸುತ್ತಿದೆ.

ಹಾಗಾದರೆ ನನ್ನ ಬಂಡಾಯದ ಚಂದ್ರಿಯನ್ನೂ ಧ್ವನಿ ಎಂದು ಉಳಿಸಿಕೊಳ್ಳಬಹುದಲ್ಲ? ಕೆಲವು ದಿನ ಈ ಆಸೆಯೂ ಕಾಡಿತು. ಆದರೆ ಅಲಂಕಾರಶಾಸ್ತ್ರದವರು ಧ್ವನಿಗೆ ಕೊಡುವ ಹೋಲಿಕೆ ಗಂಟೆಯ ಅನುರಣನದ್ದು. ಗಂಟೆ ಹೊಡೆದ ಮೇಲೆ ಉಳಿದು ಗುಂಯ್‌ಗುಡುವ ನಾದ ಅದು. ನಾದ ಎಷ್ಟು ದೂರ ಹೋದರೂ ಮೊದಲು ಗಂಟೆ ಹೊಡೆದಿರಬೇಕು. ಕೊಟ್ಟದ್ದರ ಮೇಲೆ ಪೆಟ್ಟು ಬೀಳದೆ ಕೊಡದಿದ್ದು ಕೇಳಿಸುವುದಿಲ್ಲ. ಕೇಳಿಸಿದರೆ ಅದು ನಮ್ಮದೇ ಕಿವಿಯ ಸದ್ದು.

'ಸಂಸ್ಕಾರ'ದಲ್ಲಿ ಗಂಟೆ ಹೊಡೆದಿರುವುದು ಎಲ್ಲಿ? ಕಾದಂಬರಿಯ ಬಹುಪಾಲು ಸಂಸ್ಕಾರ ಯಾರು ಮಾಡಬೇಕು ಎಂಬ ಚರ್ಚೆ, ಗ್ರಂಥಗಳ ಶೋಧ, ಮಾರುತಿಯ ಮುಂದಿನ ಕಾಯುವಿಕೆಯಲ್ಲಿ ಕಳೆಯುತ್ತದೆ. ಸಂಸ್ಕಾರ ನಡೆದದ್ದು ಮಾತ್ರ ಕೆಲವೇ ಸಾಲುಗಳಲ್ಲಿ, ಕತ್ತಲಲ್ಲಿ, ಮಂತ್ರವಿಲ್ಲದೆ, ಕುಲಸ್ಥರಲ್ಲದ ಇಬ್ಬರ ಕೈಯಲ್ಲಿ. ಅಷ್ಟು ಉದ್ದದ ಚರ್ಚೆಯ ಪಕ್ಕದಲ್ಲಿ ಇಷ್ಟು ಚಿಕ್ಕ ಕ್ರಿಯೆ. ಇದೇ ನಿಜವಾದ ಸಂಸ್ಕಾರ ಎಂದು ಕಾದಂಬರಿ ಎಲ್ಲೂ ಹೇಳುವುದಿಲ್ಲ. ಚಂದ್ರಿಗೂ ಹಾಗೆ ಅನಿಸಿಲ್ಲ. ಅವಳಿಗೆ ಬೇಕಿದ್ದುದು ಹೆಣಕ್ಕೆ ಬೆಂಕಿ. ಆದರೆ ಪುಸ್ತಕದ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಸಾಲುಗಳನ್ನು ಓದಿದರೆ ಆ ಮಾತು ಕೇಳಿಸಿಯೇ ಕೇಳಿಸುತ್ತದೆ. ಇದು ನಾಲ್ಕನೆಯ ಮನೆ. ಇದಕ್ಕೆ ಚಂದ್ರಿ ಬಂಡಾಯಗಾರ್ತಿ ಆಗಬೇಕಿಲ್ಲ. ಅವಳನ್ನು ಬಂಡಾಯಗಾರ್ತಿ ಮಾಡಿದರೆ ಈ ನಾದ ನಿಂತೇ ಹೋಗುತ್ತದೆ. ಏಕೆಂದರೆ ಆಗ ಸುಡುವುದು ಒಂದು ಘೋಷಣೆಯಾಗುತ್ತದೆ, ಸಾವಿಗೆ ಸಲ್ಲಬೇಕಾದ ಸಾದಾ ಮರ್ಯಾದೆ ಆಗುವುದಿಲ್ಲ.

ಈ ಕಾದಂಬರಿ ಹುಟ್ಟಿದ ಸಂದರ್ಭಕ್ಕೂ ನನ್ನ ಪರೀಕ್ಷೆಗೂ ಒಂದು ನಂಟಿದೆ. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದರು. ಐಇಎಲ್‌ಟಿಎಸ್ ಶುರುವಾದದ್ದು 1989ರಲ್ಲಿ. ಅವರು ಇಂಥ ಪರೀಕ್ಷೆಯ ಬ್ಯಾಂಡ್ ಹಿಡಿದುಕೊಂಡು ಹೋದವರಲ್ಲ. ಅಲ್ಲಿ ಅವರು ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಚಿತ್ರವನ್ನು ಸಬ್‌ಟೈಟಲ್ ಇಲ್ಲದೆ ನೋಡಿದರಂತೆ. ಸ್ವೀಡಿಷ್ ಬಾರದು. 'ಸಂಸ್ಕಾರ'ಕ್ಕೆ ಆ ಅನುಭವ ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಕಾದಂಬರಿ 1965ರಲ್ಲಿ ಬಂತು. ಆ ಚಿತ್ರದ ಮೇಲೆ ಆಲಿಸುವಿಕೆಯ 40 ಪ್ರಶ್ನೆ ಕೇಳಿದ್ದರೆ ಅವರಿಗೆ ಬಹುಶಃ ಸೊನ್ನೆ ಬರುತ್ತಿತ್ತು. ಆದರೆ ಅವರು ತಮಗೆ ಕೇಳಿಸಿದ್ದನ್ನು ಬರ್ಗ್‌ಮನ್ ಹೇಳಿದ್ದು ಎಂದು ಬರೆಯಲಿಲ್ಲ. ತಮ್ಮದೇ ಮಲೆನಾಡಿನ ಅಗ್ರಹಾರವೊಂದನ್ನು ಕಟ್ಟಿ, ಪ್ಲೇಗನ್ನು ಅಲ್ಲಿಗೆ ತಂದು, ತಮ್ಮದೇ ಹೆಸರಿನಲ್ಲಿ ಬರೆದರು. ಖಾಲಿ ಜಾಗವನ್ನು ತನ್ನ ಜವಾಬ್ದಾರಿಯ ಮೇಲೆ ತುಂಬುವ ಸ್ವಾತಂತ್ರ್ಯ ಕತೆಗಾರರಿಗಿದೆ. ವಿಮರ್ಶಕರು ತುಂಬಿದರೆ, ತುಂಬಿದ್ದು ನಾವು ಎಂದಾದರೂ ಹೇಳಬೇಕು.

ಅಸಲಿ ಪರೀಕ್ಷೆಯಲ್ಲಿ ಓದಿಗೆ ನನಗೆ 7.5 ಬಂತು. ಒಟ್ಟು 7. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಗೆ ಓದಿನಲ್ಲಿ 8. ಬರವಣಿಗೆಯಲ್ಲಿ 6 ಬಂದದ್ದರಿಂದ ಮತ್ತೆ ದುಡ್ಡು ಹೊಂದಿಸುತ್ತಿದ್ದಾಳೆ. 40 ನಿಮಿಷದಲ್ಲಿ 250 ಪದಗಳ ಪ್ರಬಂಧದಲ್ಲಿ ಒಂದು ನಿಲುವು ತಳೆಯಲೇಬೇಕು ಎಂಬುದು ಅವಳಿಗೆ ಒಗ್ಗಲಿಲ್ಲ. ಗೊತ್ತಿಲ್ಲದ್ದರ ಬಗ್ಗೆ ಗೊತ್ತಿದ್ದವಳಂತೆ ಹೇಗೆ ಬರೆಯಲಿ ಅಕ್ಕಾ ಎಂದು ಕೇಳಿದ್ದಳು. ಆ ವಿದ್ಯೆಯಲ್ಲಿ ಪಳಗಿದವಳು ನಾನು. ಅವಳಿಗೆ ಹೇಳಿಕೊಡಲು ಮಾತ್ರ ಬಾಯಿ ಬರಲಿಲ್ಲ.

ಮೂರನೇ ಅಧ್ಯಾಯದಿಂದ ಹನ್ನೊಂದು ಪುಟ ತೆಗೆದೆ. 'ಪ್ರತಿರೋಧದ ನೆಲೆ' ಇದ್ದ ಜಾಗದಲ್ಲಿ, ಕುಂದಾಪುರಕ್ಕೆ ಹೊರಟ ಚಂದ್ರಿ ಆಮೇಲೆ ಏನಾದಳು ಎಂದು ಕಾದಂಬರಿ ಹೇಳುವುದಿಲ್ಲ, ಹೇಳದಿರುವುದು ಈ ಓದುಗಳಿಗೆ ಕೊರತೆಯಾಗಿ ಕಾಣುತ್ತದೆ ಎಂದು ಬರೆದಿದ್ದೇನೆ. ಮೊನ್ನೆ ಗೈಡ್ ಅಧ್ಯಾಯವನ್ನು ವಾಪಸು ಕೊಟ್ಟರು. ಪೆನ್ಸಿಲ್ ಗುರುತುಗಳು ಎರಡಕ್ಕೆ ಇಳಿದಿವೆ. ಒಂದು, ಆಚಾರ್ಯರ ಪಶ್ಚಾತ್ತಾಪದ ಬಗ್ಗೆ ನಾನು ಹಾಗೇ ಉಳಿಸಿಕೊಂಡ ಒಂದು ವಾಕ್ಯದ ಪಕ್ಕ: 'ಇದು ಎಲ್ಲಿದೆ?' ಕಾದಂಬರಿಯನ್ನು ಮತ್ತೆ ಮೊದಲಿನಿಂದ ಓದುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ.