ಹೋದವಳ ಕತೆ ಯಾರದು?

ಮಾಸ್ತಿಯವರ 'ವೆಂಕಟಿಗನ ಹೆಂಡತಿ' ಎಷ್ಟು ಸಲ ಓದಿದರೂ ನಮಗೊಂದು ತಕರಾರು ಉಳಿಯುತ್ತದೆ. ಬೇರೊಬ್ಬನ ಜೊತೆ ಹೋಗಿ ಬಂದವಳನ್ನು ಗಂಡ ಮನೆ ತುಂಬಿಸಿಕೊಳ್ಳುತ್ತಾನೆ. ದೊಡ್ಡ ಮನಸ್ಸು, ಸರಿ. ಆದರೆ ಅದು ಅವನ ಕತೆ. ಶೀರ್ಷಿಕೆಯಲ್ಲೂ ಅವಳು ಅವನ ಹೆಂಡತಿಯೇ. ನಮ್ಮ ಜಿಲ್ಲೆಯವರೇ ಆದ ಅನಂತಮೂರ್ತಿಯವರ 'ಘಟಶ್ರಾದ್ಧ'ದ ಯಮುನಕ್ಕ ವಿಧವೆ. ಅವಳಿಗೆ ಕ್ಷಮೆಯೂ ಇಲ್ಲ, ಬದುಕಿರುವಾಗಲೇ ಶ್ರಾದ್ಧ. ಅವಳನ್ನೂ ನಾವು ನೋಡುವುದು ಒಬ್ಬ ಹುಡುಗನ ಕಣ್ಣಿನಿಂದ. ಕಾನೂನಾದರೂ ಬೇರೆಯಿತ್ತೇ? 2018ರಲ್ಲಿ ಸುಪ್ರೀಂ ಕೋರ್ಟ್ 497ನೇ ಕಲಮನ್ನು ರದ್ದುಪಡಿಸುವವರೆಗೂ ಇಂಥ ಪ್ರಕರಣದಲ್ಲಿ ನೊಂದವನೆಂದರೆ ಗಂಡ ಮಾತ್ರ.

ಮುಸ್ಲಿಂ ಕತೆಗಾರರು ಗಂಡನ ತಪ್ಪನ್ನು ಧೈರ್ಯವಾಗಿ ಬರೆದಿದ್ದಾರೆ. ಶಿವಮೊಗ್ಗದಲ್ಲಿ ಕನ್ನಡ ಕಲಿತ ಬಾನು ಮುಷ್ತಾಕ್ ಅವರ 'ಎದೆಯ ಹಣತೆ'ಯ ಮೆಹರುನ್‌ಳನ್ನು ಯಾರು ಮರೆತಾರು? ತಪ್ಪಿದ ಹೆಂಡತಿಯ ಬಗ್ಗೆ ಮಾತ್ರ ನಮ್ಮ ಪೆನ್ನು ತಡವರಿಸುತ್ತದೆ. ವ್ಯಭಿಚಾರ ಪಾಪವೆಂಬುದರಲ್ಲಿ ನಮಗೆ ಅನುಮಾನವಿಲ್ಲ. ಅವಳ ಮಾತು ಕೇಳಿಸಿಕೊಳ್ಳುವುದು ಪಾಪವನ್ನು ಒಪ್ಪಿದಂತಲ್ಲ.

ನಾವೂ ಒಮ್ಮೆ ಭದ್ರಾವತಿಯ ಕಾರ್ಖಾನೆ ಕೆಲಸಗಾರನ ಹೆಂಡತಿಯ ಕತೆ ಬರೆದೆವು. ಶಿವಮೊಗ್ಗದ ಬಸ್ಸಿಗೆಂದು ಮನೆ ಬಿಟ್ಟವಳನ್ನು ಮುಂದೆ ಏನು ಮಾಡಬೇಕೆಂದು ತಿಳಿಯದೆ ಸೇತುವೆಯಿಂದ ಭದ್ರೆಗೆ ಹಾರಿಸಿಬಿಟ್ಟೆವು. ಓದಿದ ನಮ್ಮ ಆಪಾ, "ಅವಳಾಗಿ ಹಾರಿದಳೋ, ನೀನೇ ನೂಕಿದೆಯೋ?" ಎಂದರು. ಆ ಕತೆಯನ್ನು ಇನ್ನೂ ಯಾವ ಪತ್ರಿಕೆಗೂ ಕಳಿಸಿಲ್ಲ.